ಕರಗದೆ, ಸವೆಯದೆ ಉಳಿದ ಡಾಲರ್‌ಗಳು

ರಾಯಚೂರಿನ ಸರಾಫ್ ಬಜಾರಿಗೆ ಅಮೆರಿಕದ ಇಪ್ಪತ್ತು ಡಾಲರಿನ ಹಳೆಯ ಚಿನ್ನದ ನಾಣ್ಯವೊಂದನ್ನು ಒಯ್ದು ತೋರಿಸಿದರೆ ಅದನ್ನು ಮೊದಲು ತಕ್ಕಡಿಗೆ ಇಡುತ್ತಾರೆ, ಆಮೇಲೆ ಒರೆಗಲ್ಲಿಗೆ ಹಚ್ಚುತ್ತಾರೆ. ತೂಕ 33.436 ಗ್ರಾಂ, ಎಂದರೆ ಮೂರು ತೊಲಕ್ಕೆ ತುಸು ಕಡಿಮೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಚಿನ್ನ, ಉಳಿದದ್ದು ಬಹುಮಟ್ಟಿಗೆ ತಾಮ್ರ. ಹಾಗಾಗಿ ಅಪ್ಪಟ ಚಿನ್ನ ಮೂವತ್ತು ಗ್ರಾಂ ಚಿಲ್ಲರೆ ಎಂದು ಲೆಕ್ಕ ಹಾಕಿ, ಅಂದಿನ ದರ ಕಟ್ಟಿ ಬೆಲೆ ಹೇಳುತ್ತಾರೆ. ಅಕ್ಕಸಾಲಿ ಕೆಲಸದವರ ಮನೆಯಲ್ಲಿ ಬೆಳೆದ ನನಗೂ ಬಹಳ ವರ್ಷಗಳವರೆಗೆ ಚಿನ್ನವೆಂದರೆ ತೂಕ ಮತ್ತು ಶುದ್ಧತೆ, ಇವೆರಡೇ ಆಗಿದ್ದವು. ಆದರೆ ನಾಣ್ಯ ಸಂಗ್ರಹಿಸುವವನ ಕಣ್ಣಿನಲ್ಲಿ ಒರೆಗಲ್ಲಿಗೆ ಹಚ್ಚಿದ ಆ ಕ್ಷಣದಲ್ಲಿಯೇ ನಾಣ್ಯದ ಬೆಲೆಯ ದೊಡ್ಡ ಪಾಲು ಹೋಗಿರುತ್ತದೆ. ಅವನು ದುಡ್ಡು ಕೊಡುವುದು ಚಿನ್ನಕ್ಕಷ್ಟೇ ಅಲ್ಲ, ಅಚ್ಚಿನಿಂದ ಹೊರಬಿದ್ದ ದಿನ ಆ ಲೋಹದ ಮೈಮೇಲಿದ್ದ ಹೊಳಪು ಈಗಲೂ ಉಳಿದಿದ್ದರೆ ಆ ಹೊಳಪಿಗೆ.

ಹಳೆಯ ಅಮೆರಿಕನ್ ಚಿನ್ನದ ನಾಣ್ಯಗಳನ್ನು, ಅದರಲ್ಲಿಯೂ ಮೇಲ್ದರ್ಜೆಯವನ್ನು ಸಂಗ್ರಹಿಸುವ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ನನ್ನ ಬಳಿ ಇರುವುದು ಒಂದು ಡಾಲರಿನ ಒಂದೆರಡು ಪುಟ್ಟ ನಾಣ್ಯಗಳು ಮಾತ್ರ. ಉಳಿದ ತಿಳಿವಳಿಕೆಯೆಲ್ಲ ಹರಾಜು ಸಂಸ್ಥೆಗಳ ಕ್ಯಾಟಲಾಗುಗಳನ್ನು, ಅವುಗಳಲ್ಲಿನ ಹಿಗ್ಗಿಸಿದ ಚಿತ್ರಗಳನ್ನು ರಾತ್ರಿಗಟ್ಟಲೆ ನೋಡಿ ಬಂದದ್ದು. ಹಾಗೆ ನೋಡುತ್ತ ನನಗೆ ಮನವರಿಕೆಯಾದ ಸಂಗತಿಯೆಂದರೆ, ದರ್ಜೆಯ ಅಂಕಿಯನ್ನು ಅದೊಂದರಿಂದಲೇ ಓದಲಾಗದು. ಆ ನಾಣ್ಯ ಹುಟ್ಟಿದ ಊರು, ಅದನ್ನು ಬಳಸಿದ ಜನ, ಅದು ಕುಲುಮೆಯಿಂದ ತಪ್ಪಿಸಿಕೊಂಡ ಬಗೆ, ಇಷ್ಟನ್ನೂ ತಿಳಿದ ಮೇಲೆಯೇ ಅಂಕಿಗೆ ಅರ್ಥ ಬರುತ್ತದೆ.

ಅಂಕಿಯ ಲೆಕ್ಕವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಳತೆಯೊಂದನ್ನು ಮಾಡಿದ. ತೀರ ಸವೆದ ನಾಣ್ಯ ಒಂದು ಡಾಲರ್ ಬೆಲೆ ಬಾಳಿದರೆ ಕಲೆಯಿಲ್ಲದ್ದು ಎಪ್ಪತ್ತು ಡಾಲರ್ ಬಾಳುತ್ತದೆ ಎಂಬುದು ಅವನ ಎಣಿಕೆ. ಬೆಲೆಯ ಆ ಎಣಿಕೆ ಬೇಗನೆ ಬಿದ್ದುಹೋಯಿತು, ಅಳತೆ ಮಾತ್ರ ಎಲ್ಲ ನಾಣ್ಯಗಳಿಗೂ ಅಂಟಿಕೊಂಡು ಉಳಿಯಿತು. 60ರಿಂದ ಮೇಲಿನವು ಬಳಕೆಗೆ ಇಳಿಯದ ನಾಣ್ಯಗಳು. ಅವನ್ನು ಎಂಎಸ್ ಎಂದು ಗುರುತಿಸುತ್ತಾರೆ. 50ರಿಂದ 58ರವರೆಗಿನವು ಅಲ್ಪಸ್ವಲ್ಪ ಓಡಾಡಿದವು. ಅವಕ್ಕೆ ಎಯು ಎಂಬ ಗುರುತು. 1980ರ ದಶಕದಲ್ಲಿ ಪಿಸಿಜಿಎಸ್ ಮತ್ತು ಎನ್‌ಜಿಸಿ ಎಂಬ ಎರಡು ಸಂಸ್ಥೆಗಳು ಹುಟ್ಟಿಕೊಂಡು, ನಾಣ್ಯವನ್ನು ಪರೀಕ್ಷಿಸಿ, ಅಂಕಿ ಬರೆದ ಚೀಟಿಯೊಡನೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಹಾಕಿ ಕೊಡುವ ಪದ್ಧತಿಯನ್ನು ತಂದವು. ಆ ಡಬ್ಬಿಯನ್ನು ಸ್ಲ್ಯಾಬ್ ಎನ್ನುತ್ತಾರೆ.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ನಿಯಮ ವಿಚಿತ್ರವಾಗಿ ಕಾಣಬಹುದು. ಹಳೆಯ ಮನೆತನಗಳಲ್ಲಿ ಇಂಗ್ಲೆಂಡಿನ ಸವರನ್‌ಗಳಿಗೆ ಕೊಂಡಿ ಬೆಸೆದು ಸರ ಮಾಡಿಸಿಕೊಳ್ಳುತ್ತಿದ್ದರು. ಹಬ್ಬಕ್ಕೆ ಮೊದಲು ಅಂಥ ಸರವನ್ನು ಅಂಗಡಿಗೆ ಕೊಟ್ಟು ಮೆರುಗು ಹಾಕಿಸುವುದೂ ವಾಡಿಕೆ. ಹೀಗೆ ಒಮ್ಮೆ ಕೊಂಡಿ ಕಂಡ, ಒಮ್ಮೆ ಮೆರುಗಿಗೆ ಹೋದ ನಾಣ್ಯಕ್ಕೆ ದರ್ಜೆಯ ಸಂಸ್ಥೆಗಳು ಅಂಕಿಯನ್ನೇ ಕೊಡುವುದಿಲ್ಲ. ನಾಣ್ಯ ಅಸಲಿಯೆಂದು ಒಪ್ಪಿ, ಉಜ್ಜಲಾಗಿದೆ ಅಥವಾ ಒಡವೆಯಿಂದ ಬಿಚ್ಚಲಾಗಿದೆ ಎಂದು ಚೀಟಿಯಲ್ಲಿ ಬರೆದು ಬಿಡುತ್ತವೆ. ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ; ಹಾಗೆ ಹರಿದ ಅತಿ ಸೂಕ್ಷ್ಮ ಗೆರೆಗಳ ಮೇಲೆ ಬೆಳಕು ಬಿದ್ದಾಗ, ನಾಣ್ಯವನ್ನು ಓರೆ ಮಾಡಿ ತಿರುಗಿಸಿದರೆ, ಹೊಳಪು ಬಂಡಿಯ ಗಾಲಿಯ ಅರಗಳಂತೆ ಸುತ್ತುತ್ತದೆ. ಮೆರುಗು ಹಾಕಿದಾಗ ಈ ಗೆರೆಗಳು ಅಳಿಸಿಹೋಗುತ್ತವೆ. ನಾಣ್ಯ ಥಳಥಳಿಸುತ್ತದೆ, ಆದರೆ ಆ ಥಳಕು ಅಂಗಡಿಯದೇ ಹೊರತು ಟಂಕಸಾಲೆಯದಲ್ಲ.

ಈಗ ಕುಲುಮೆಯ ವಿಷಯಕ್ಕೆ ಬರೋಣ. 1792ರ ಕಾಯಿದೆಯಂತೆ ಅಮೆರಿಕ ಹತ್ತು ಡಾಲರಿನ ಈಗಲ್, ಐದು ಡಾಲರಿನ ಅರ್ಧ ಈಗಲ್, ಎರಡೂವರೆ ಡಾಲರಿನ ಕಾಲು ಈಗಲ್ ಎಂಬ ಚಿನ್ನದ ನಾಣ್ಯಗಳನ್ನು ಗೊತ್ತುಮಾಡಿತು. 1795ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಿಂದ ಮೊದಲನೆಯವು ಹೊರಬಂದವು. ಕಾಯಿದೆ ಚಿನ್ನಕ್ಕೆ ಬೆಳ್ಳಿಯ ಹದಿನೈದು ಪಟ್ಟು ಬೆಲೆಯನ್ನು ನಿಗದಿ ಮಾಡಿತ್ತು. ಯುರೋಪಿನ ಪೇಟೆಯಲ್ಲಿ ಚಿನ್ನಕ್ಕೆ ಅದಕ್ಕಿಂತ ಹೆಚ್ಚು ಬೆಲೆ ಸಿಗುತ್ತಿದ್ದುದರಿಂದ ವ್ಯಾಪಾರಿಗಳು ಹೊಸ ನಾಣ್ಯಗಳನ್ನು ಹಡಗಿಗೆ ತುಂಬಿ ಸಾಗಿಸಿದರು, ಅಲ್ಲಿ ಅವು ಕರಗಿದವು. 1834ರಲ್ಲಿ ನಾಣ್ಯದ ಚಿನ್ನವನ್ನು ಕಡಿಮೆ ಮಾಡಿದ ಮೇಲೆ ಹಳೆಯವು ಮುಖಬೆಲೆಗಿಂತ ಹೆಚ್ಚು ಬಾಳತೊಡಗಿ, ಉಳಿದವುಗಳಲ್ಲಿ ಬಹಳಷ್ಟು ತಮ್ಮ ದೇಶದಲ್ಲಿಯೇ ಕುಲುಮೆ ಸೇರಿದವು. 1822ರ ಅರ್ಧ ಈಗಲ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ 17,796 ನಾಣ್ಯಗಳು ಸಿದ್ಧವಾದವೆಂದು ಟಂಕಸಾಲೆಯ ದಾಖಲೆ ಹೇಳುತ್ತದೆ; ಇಂದು ಗೊತ್ತಿರುವವು ಮೂರು. ಅವುಗಳಲ್ಲಿ ಎರಡು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿವೆ, ಖಾಸಗಿಯವರ ಕೈಗೆ ಸಿಗಬಹುದಾದ ಒಂದೇ ಒಂದು 2021ರ ಹರಾಜಿನಲ್ಲಿ 84 ಲಕ್ಷ ಡಾಲರಿಗೆ ಹೋಯಿತು. ಅದರ ದರ್ಜೆ ಎಯು 50. ಮೂಗಿನ ಮೇಲೆ, ಕೂದಲಿನ ಮೇಲೆ ಸವೆತ ಕಾಣುವ ನಾಣ್ಯವದು. ಆದರೆ ಇನ್ನೊಂದು ಇಲ್ಲದಿರುವಾಗ ಸವೆತದ ಮಾತೆತ್ತುವವರು ಯಾರು?

ಇದಕ್ಕೆ ನೇರ ವಿರುದ್ಧವಾದದ್ದು 1857ರ ಸ್ಯಾನ್ ಫ್ರಾನ್ಸಿಸ್ಕೊದ ಇಪ್ಪತ್ತು ಡಾಲರಿನ ನಾಣ್ಯ, ಎಂದರೆ ಡಬಲ್ ಈಗಲ್‌ನ ಕತೆ. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಅದನ್ನು ನಾಣ್ಯವಾಗಿಸಲು ಇಪ್ಪತ್ತು ಡಾಲರಿನ ಹೊಸ ನಾಣ್ಯವೂ, 1854ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊಸ ಟಂಕಸಾಲೆಯೂ ಬಂದವು. ಅಲ್ಲಿನ ನಾಣ್ಯಗಳು ಜೂಜುಕಟ್ಟೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಹಡಗುಕಟ್ಟೆಗೆ ಕೈಯಿಂದ ಕೈಗೆ ಓಡಾಡಿ ಸವೆದವು, ಹೀಗಾಗಿ 1857ರ ನಾಣ್ಯವು ಹೊಸತರಂತೆ ಸಿಗುವುದು ಬಲು ಅಪರೂಪವೆಂದು ಎಲ್ಲರೂ ನಂಬಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಯಾಣಿಕರನ್ನೂ ಚಿನ್ನವನ್ನೂ ಹೊತ್ತು ನ್ಯೂಯಾರ್ಕ್ ಕಡೆಗೆ ಹೊರಟಿದ್ದ ಸೆಂಟ್ರಲ್ ಅಮೆರಿಕ ಎಂಬ ಹಬೆಹಡಗು ಕರೋಲಿನಾ ತೀರದಾಚೆ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ನಾಲ್ಕು ನೂರಕ್ಕೂ ಹೆಚ್ಚು ಜನ ಸತ್ತರು. ಬರಬೇಕಿದ್ದ ಚಿನ್ನ ಬಾರದೆ ಹೋದದ್ದು ಆ ವರ್ಷದ ಆರ್ಥಿಕ ದಿಗಿಲನ್ನು ಇನ್ನಷ್ಟು ಹೆಚ್ಚಿಸಿತು. 1988ರಲ್ಲಿ, ಎರಡು ಸಾವಿರ ಮೀಟರಿಗೂ ಹೆಚ್ಚಿನ ಆಳದಲ್ಲಿ ಆ ಹಡಗು ಪತ್ತೆಯಾದಾಗ, ಟಂಕಸಾಲೆಯಿಂದ ನೇರವಾಗಿ ಪೆಟ್ಟಿಗೆ ಸೇರಿ ಕೈಯನ್ನೇ ಕಾಣದಿದ್ದ 1857ರ ಡಬಲ್ ಈಗಲ್‌ಗಳು ಸಾವಿರಗಟ್ಟಲೆ ಸಿಕ್ಕವು. ಚಿನ್ನಕ್ಕೆ ಉಪ್ಪುನೀರಿನಿಂದ ಕೇಡಿಲ್ಲ. ಹಾಗಾಗಿ ಇಂದು ಆ ಕಾಲದ ಡಬಲ್ ಈಗಲ್‌ಗಳಲ್ಲಿ ಎಂಎಸ್ 65ರಷ್ಟು ಒಳ್ಳೆಯದು ಬೇಕೆನ್ನುವವರಿಗೆ ಸುಲಭವಾಗಿ ಸಿಗುವುದು ಈ 1857ರದೇ. ಹಿಂದುಮುಂದಿನ ಕೆಲವು ವರ್ಷಗಳ ನಾಣ್ಯ ಅದೇ ದರ್ಜೆಯಲ್ಲಿ ಬೇಕೆಂದರೆ ಆಯುಷ್ಯವೆಲ್ಲ ಕಾದರೂ ಸಿಗದಿರಬಹುದು.

ಕ್ಯಾಲಿಫೋರ್ನಿಯಾದ ದಂಪತಿಗಳಿಬ್ಬರಿಗೆ 2013ರಲ್ಲಿ ತಮ್ಮ ಜಮೀನಿನಲ್ಲಿ ಹೂತಿದ್ದ ತಗಡಿನ ಡಬ್ಬಿಗಳಲ್ಲಿ 1,427 ಚಿನ್ನದ ನಾಣ್ಯಗಳು ಸಿಕ್ಕದ್ದೂ ಇಂಥದೇ ಪ್ರಸಂಗ. ಸ್ಯಾಡಲ್ ರಿಜ್ ನಿಧಿ ಎಂದು ಅದಕ್ಕೆ ಹೆಸರು. ನಿಧಿಯ ಆಸೆಗೆ ಹಾಳು ದೇಗುಲಗಳ ಗರ್ಭಗುಡಿಯನ್ನೇ ಅಗೆಯುವ ನಮ್ಮ ಸೀಮೆಯವರಿಗೆ ಈ ಕತೆಯನ್ನು ಹೇಳಲು ಹೆದರಿಕೆಯಾಗುತ್ತದೆ, ಅದಕ್ಕೇ ಇಷ್ಟಕ್ಕೆ ನಿಲ್ಲಿಸುತ್ತೇನೆ.

ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಜಾರ್ಜಿಯಾದ ದಾಹ್ಲೊನೆಗಾ ಟಂಕಸಾಲೆಯ ನಾಣ್ಯಗಳು, ಏಕೆಂದರೆ ಅದು ಹಟ್ಟಿಯಂಥ ಊರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಸುತ್ತಲೇ ಊರು ಬೆಳೆದಿದೆ. ಆ ಸೀಮೆಯಲ್ಲಿ ಎಷ್ಟೋ ಹಿಂದಿನವರು ಅಗೆದ ಗುಂಡಿಗಳೂ ಇವೆ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರನೇ. ದಾಹ್ಲೊನೆಗಾದ ಸುತ್ತ 1820ರ ದಶಕದ ಕೊನೆಯಲ್ಲಿ, ಚೆರೋಕಿ ಜನರ ನೆಲದಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದರು. ಅಲ್ಲಿಂದ ಫಿಲಡೆಲ್ಫಿಯಾಕ್ಕೆ ಚಿನ್ನ ಸಾಗಿಸುವುದು ದೂರದ, ಅಪಾಯದ ದಾರಿಯಾದ್ದರಿಂದ ಸರ್ಕಾರ ಅಲ್ಲಿಯೇ ಪುಟ್ಟ ಟಂಕಸಾಲೆಯನ್ನು ತೆರೆಯಿತು. 1838ರಿಂದ 1861ರವರೆಗೆ ಅಲ್ಲಿ ಚಿನ್ನದ ನಾಣ್ಯಗಳಷ್ಟೇ ಸಿದ್ಧವಾದವು, ಅವೂ ಸಣ್ಣ ಸಂಖ್ಯೆಯಲ್ಲಿ. ಅವುಗಳಲ್ಲಿ ಕೆಲವಕ್ಕೆ ಸಣ್ಣ ಹಸಿರು ಛಾಯೆ ಇರುವುದನ್ನು ಚಿತ್ರಗಳಲ್ಲಿ ನೋಡಿದಾಗ ನನ್ನ ತಂದೆಯವರ ಮಾತು ನೆನಪಾಗುತ್ತದೆ: ಬೆಳ್ಳಿ ಬೆರೆತರೆ ಚಿನ್ನ ಹಸಿರಿಗೆ, ತಾಮ್ರ ಬೆರೆತರೆ ಕೆಂಪಿಗೆ ತಿರುಗುತ್ತದೆ ಎಂದು ಅವರು ಹೇಳುತ್ತಿದ್ದರು.

ಈ ನಾಣ್ಯಗಳನ್ನು ಅಲ್ಲಿನ ರೈತರು, ಗಣಿ ಕೆಲಸದವರು, ಅಂಗಡಿಯವರು ದಿನನಿತ್ಯ ಬಳಸಿದರು. ಐದು ಡಾಲರನ್ನು ಬಳಸದೆ ಎತ್ತಿಡುವಷ್ಟು ಸ್ಥಿತಿವಂತರು ಆ ಕಡೆ ಕಡಿಮೆ. ಟಂಕಸಾಲೆಯ ಗುರುತಕ್ಷರ ನೋಡಿ ನಾಣ್ಯವನ್ನು ಬೇರೆಯಾಗಿ ಕೂಡಿಡುವ ರೂಢಿ, 1893ರಲ್ಲಿ ಅಗಸ್ಟಸ್ ಹೀಟನ್ ಆ ಬಗ್ಗೆ ಬರೆಯುವವರೆಗೆ ಅಮೆರಿಕದಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ; ಅಷ್ಟು ಹೊತ್ತಿಗೆ ದಾಹ್ಲೊನೆಗಾ ಮುಚ್ಚಿ ಮೂವತ್ತು ವರ್ಷ ಕಳೆದಿತ್ತು. ಆದ್ದರಿಂದ ಅಲ್ಲಿನ ಅನೇಕ ವರ್ಷಗಳ ನಾಣ್ಯಗಳಿಗೆ ಎಯು 55 ಎಂಬುದೇ ಉನ್ನತ ದರ್ಜೆ; ಅಚ್ಚಿನ ಒತ್ತಡ ಸಾಲದೆ ಹದ್ದಿನ ಗರಿಗಳು ಮಸುಕಾಗಿ ಮೂಡಿದ್ದರೆ ಅದನ್ನು ಸವೆತದಿಂದ ಬೇರ್ಪಡಿಸಿ ನೋಡಬೇಕು. ಮಸುಕಾಗಿ ಮೂಡಿದ ಕಡೆ ಹೊಳಪು ಉಳಿದಿರುತ್ತದೆ, ಸವೆದ ಕಡೆ ಬಣ್ಣವೇ ಬೇರೆ. 1861ರಲ್ಲಿ ಜಾರ್ಜಿಯಾ ಒಕ್ಕೂಟವನ್ನು ಬಿಟ್ಟಾಗ ಟಂಕಸಾಲೆ ಬಂಡಾಯದವರ ಕೈಗೆ ಹೋಯಿತು. ಅವರು ಅಲ್ಲಿದ್ದ ಅಚ್ಚುಗಳಿಂದಲೇ ಒಂದು ಡಾಲರಿನ ಒಂದಷ್ಟು ನಾಣ್ಯಗಳನ್ನು ಹೊಡೆದರು. ಎಷ್ಟು ಹೊಡೆದರೆಂಬ ದಾಖಲೆಯಿಲ್ಲ.

ಒಂದು ಡಾಲರಿನ ಚಿನ್ನದ ನಾಣ್ಯವೆಂದರೆ 1.672 ಗ್ರಾಂ, ಎಂದರೆ ವಿಜಯನಗರದ ಅರ್ಧ ವರಾಹದ ತೂಕಕ್ಕೆ ಹತ್ತಿರ. ಹಂಪಿಯ ಸೀಮೆಯಲ್ಲಿ ಅರ್ಧ ವರಾಹವನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಇದರ ಗಾತ್ರ ಅಂದಾಜಾಗುತ್ತದೆ. ಆದರೆ ವರಾಹವನ್ನು ನೋಡುವ ಕಣ್ಣೇ ಬೇರೆ: ಕೈಯಿಂದ ಬಡಿದ ಆ ನಾಣ್ಯದಲ್ಲಿ ಉಮಾಮಹೇಶ್ವರರ ಮುಖಗಳು ತಟ್ಟೆಯೊಳಗೆ ಪೂರ್ತಿಯಾಗಿ ಮೂಡಿವೆಯೇ, ಹಿಂದಿನ ನಾಗರಿ ಅಕ್ಷರಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನೇ ನಾವು ನೋಡುತ್ತೇವೆ. ಯಂತ್ರ ಹೊಡೆದ ಡಾಲರಿನಲ್ಲಿ ಚಿತ್ರ ಪೂರ್ತಿಯಾಗಿ ಮೂಡಿರಲೇಬೇಕೆಂಬುದು ನಿರೀಕ್ಷೆ. ಈ ನಿರೀಕ್ಷೆಯನ್ನು ಸುಳ್ಳು ಮಾಡಿದ್ದು 1854ರಿಂದ 1856ರವರೆಗೆ ನಡೆದ ಎರಡನೆಯ ಬಗೆಯ ಡಾಲರ್. ಟಂಕಸಾಲೆಯ ಕೆತ್ತನೆಗಾರ ಜೇಮ್ಸ್ ಲಾಂಗೇಕರ್ ಅದರ ಮುಖಚಿತ್ರವನ್ನು ಎಷ್ಟು ಉಬ್ಬಾಗಿ ಮಾಡಿದನೆಂದರೆ, ಹಿಂಬದಿಯ ನಡುಭಾಗಕ್ಕೆ ಲೋಹವೇ ಸಾಲದೆ ಇಸವಿಯ ನಡುವಿನ ಅಂಕಿಗಳು ಮಂಕಾಗಿ ಮೂಡಿದವು. ಹಾಗಾಗಿಯೇ ಆ ಬಗೆಯ ಡಾಲರ್ ಮೇಲ್ದರ್ಜೆಯಲ್ಲಿ ಸಿಗುವುದು ಕಷ್ಟ, ಸಿಕ್ಕರೆ ಬೆಲೆ ಅದರ ಹಿಂದುಮುಂದಿನ ಬಗೆಗಳಿಗಿಂತ ಎಷ್ಟೋ ಮೇಲೆ. ನನ್ನಲ್ಲಿರುವುದು ಅಗ್ಗದ ಮೊದಲನೆಯ ಬಗೆ.

1933ರ ಏಪ್ರಿಲ್ 5ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜನರು ತಮ್ಮಲ್ಲಿರುವ ಚಿನ್ನದ ನಾಣ್ಯಗಳನ್ನು ಬ್ಯಾಂಕಿಗೆ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ತಲೆಗೆ ನೂರು ಡಾಲರಿನಷ್ಟನ್ನು ಇಟ್ಟುಕೊಳ್ಳಬಹುದಿತ್ತು, ಸಂಗ್ರಾಹಕರಿಗೆ ವಿಶೇಷ ಬೆಲೆಯುಳ್ಳ ಅಪರೂಪದ ನಾಣ್ಯಗಳಿಗೂ ವಿನಾಯಿತಿ ಇತ್ತು. ನಮ್ಮಲ್ಲಿ 1963ರ ಚಿನ್ನ ನಿಯಂತ್ರಣ ನಿಯಮಗಳನ್ನೂ, 1968ರ ಕಾಯಿದೆಯನ್ನೂ ಕಂಡವರಿಗೆ ಇದರ ಬಿಸಿ ವಿವರಿಸಿ ಹೇಳಬೇಕಾಗಿಲ್ಲ. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಹೊಸ ಒಡವೆ ಮಾಡಬಾರದೆಂದಾಗ ಒಲೆ ಆರಿದ ಅಕ್ಕಸಾಲಿಗರ ಮನೆಗಳ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅಮೆರಿಕದಲ್ಲಿ ಒಪ್ಪಿಸಿದ ನಾಣ್ಯಗಳು ಕರಗಿ ಗಟ್ಟಿಗಳಾದವು. 1927ರಲ್ಲಿ ಡೆನ್ವರ್ ಟಂಕಸಾಲೆ ಹೊಡೆದ 1,80,000 ಡಬಲ್ ಈಗಲ್‌ಗಳಲ್ಲಿ ಇಂದು ಹತ್ತು ಹನ್ನೆರಡರ ಆಸುಪಾಸು ಗೊತ್ತಿವೆ. 1933ರ ಇಸವಿ ಹೊತ್ತ 4,45,500 ನಾಣ್ಯಗಳಂತೂ ಚಲಾವಣೆಗೇ ಬರಲಿಲ್ಲ. ಟಂಕಸಾಲೆಯಿಂದ ಕಳುವಾದ ಕೆಲವು ಹೊರಗೆ ಉಳಿದವು, ಅವುಗಳಲ್ಲಿ ಈಜಿಪ್ಟಿನ ದೊರೆ ಫಾರೂಕನದೆಂದು ಹೇಳುವ ಒಂದನ್ನು ಮಾತ್ರ ಖಾಸಗಿಯವರು ಇಟ್ಟುಕೊಳ್ಳಲು ಸರ್ಕಾರ ಒಪ್ಪಿತು. 2021ರಲ್ಲಿ ಅದಕ್ಕೆ ಸುಮಾರು 1.89 ಕೋಟಿ ಡಾಲರ್ ಬಂತು. ಯುರೋಪಿನ ಬ್ಯಾಂಕುಗಳಿಗೆ 1933ರ ಆಜ್ಞೆಗೂ ಮೊದಲೇ ಮೂಟೆ ಮೂಟೆಯಾಗಿ ಹೋಗಿದ್ದ ನಾಣ್ಯಗಳು ಮಾತ್ರ ಈ ಕುಲುಮೆಯಿಂದ ಪಾರಾದವು. ಆಮೇಲಿನ ದಶಕಗಳಲ್ಲಿ ಅವು ಮರಳಿ ಬರತೊಡಗಿದಾಗ, ಅಪರೂಪವೆಂದುಕೊಂಡಿದ್ದ ಎಷ್ಟೋ ಇಸವಿಗಳು ಸಾಮಾನ್ಯವಾದವು. ಆದರೆ ಮೂಟೆಯಲ್ಲಿ ಒಂದಕ್ಕೊಂದು ಬಡಿದು ನಾಣ್ಯದಲ್ಲಿನ ಲಿಬರ್ಟಿ ದೇವಿಯ ಕೆನ್ನೆಯ ಮೇಲೆ ಬಿದ್ದ ಗಾಯಗಳೂ ಅವುಗಳ ಜೊತೆಗೇ ಬಂದವು. ಬಳಸದ ನಾಣ್ಯವೂ ಎಂಎಸ್ 61ಕ್ಕೆ ಇಳಿಯುವುದು ಹೀಗೆ.

ನನ್ನ ಅಭಿಪ್ರಾಯದಲ್ಲಿ ಮೂಟೆಯ ಗಾಯಗಳಿಂದ ತುಂಬಿದ ಎಂಎಸ್ 61ಕ್ಕಿಂತ, ಅಂಚುಗಳಲ್ಲಿ ಮಾತ್ರ ಕೊಂಚ ಸವೆದು ಮೈಬಣ್ಣ ಕೆಡದ ಎಯು 58 ಎಷ್ಟೋ ಚೆಂದ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಅಂಕಿಗೆ ಜೋತುಬಿದ್ದವರು ಇದನ್ನು ಒಪ್ಪುವುದಿಲ್ಲ. ಅಂಕಿ ಕೊಡುವುದು ಮನುಷ್ಯರ ಕಣ್ಣು, ಆ ಕಣ್ಣು ದಿನಕ್ಕೊಂದು ಬಗೆ. 64ಕ್ಕೂ 65ಕ್ಕೂ ಬೆಲೆಯಲ್ಲಿ ದೊಡ್ಡ ಅಂತರವಿರುವ ನಾಣ್ಯವಾದರೆ ವ್ಯಾಪಾರಿಗಳು ಸ್ಲ್ಯಾಬನ್ನು ಒಡೆದು, ಅದೇ ನಾಣ್ಯವನ್ನು ಮತ್ತೆ ಮತ್ತೆ ಕಳಿಸಿ ಒಂದು ಅಂಕಿ ಏರಿಸಿಕೊಳ್ಳಲು ನೋಡುತ್ತಾರೆ. ಯಾವ ದರ್ಜೆಯಲ್ಲಿ ಎಷ್ಟಿವೆ ಎಂದು ಸಂಸ್ಥೆಗಳು ಪ್ರಕಟಿಸುವ ಪಟ್ಟಿಯಲ್ಲಿ ಹೀಗೆ ಒಂದೇ ನಾಣ್ಯ ಹಲವು ಸಲ ಎಣಿಕೆಯಾಗಿರಬಹುದು. ಗಾಯ ಮುಚ್ಚಲು ಮೇಣದಂಥ ಲೇಪ ಬಳಿಯುವವರೂ ಇದ್ದಾರೆ. 2007ರಲ್ಲಿ ಆರಂಭವಾದ ಸಿಎಸಿ ಎಂಬ ಸಂಸ್ಥೆ, ಸ್ಲ್ಯಾಬಿನೊಳಗಿನ ನಾಣ್ಯವನ್ನು ಮರುಪರೀಕ್ಷಿಸಿ ಒಪ್ಪಿಗೆಯಾದರೆ ಹಸಿರು ಚೀಟಿ ಅಂಟಿಸತೊಡಗಿದ್ದು ಇದೇ ಅಪನಂಬಿಕೆಯಿಂದ.

ನಕಲಿಗಳ ವಿಷಯದಲ್ಲಿ ನಮ್ಮ ಒರೆಗಲ್ಲು ಪೂರ್ತಿ ಸೋಲುತ್ತದೆ. ಮಾಮೂಲಿ ಮೋಸದಲ್ಲಿ ಲೋಹ ಸುಳ್ಳು. ಇಲ್ಲಿ ಲೋಹ ಅಸಲಿ, ಅಚ್ಚು ಮಾತ್ರ ಸುಳ್ಳು. 1907ರಲ್ಲಿ ಥಿಯೋಡರ್ ರೂಸ್‌ವೆಲ್ಟನ ಒತ್ತಾಸೆಯಿಂದ ಶಿಲ್ಪಿ ಅಗಸ್ಟಸ್ ಸೇಂಟ್ ಗಾಡನ್ಸ್ ರೂಪಿಸಿದ, ರೋಮನ್ ಅಂಕಿಗಳಲ್ಲಿ ಇಸವಿ ಬರೆದ ಎತ್ತರದ ಉಬ್ಬಿನ ಡಬಲ್ ಈಗಲ್ ಇದೆಯಲ್ಲ, ಅದರ ನಕಲೊಂದು ತೂಕದಲ್ಲಿ, ಶುದ್ಧತೆಯಲ್ಲಿ, ಕೆತ್ತನೆಯಲ್ಲಿ ಬಲ್ಲವರನ್ನೂ ಮೋಸಗೊಳಿಸಿತು. ಮಾಡಿದವನು ತನ್ನ ಗುರುತಾಗಿ ಹದ್ದಿನ ಉಗುರಿನೊಳಗೆ ಗ್ರೀಕರ ಒಮೆಗಾ ಅಕ್ಷರವನ್ನು ಕೆತ್ತಿದ್ದರಿಂದ ಸಿಕ್ಕಿಬಿತ್ತು. ಅಸಲಿ ನಾಣ್ಯದ ಉಬ್ಬು ಪೂರ್ತಿಯಾಗಿ ಮೂಡಲು ಹಲವು ಸಲ ಒತ್ತಬೇಕಾಗಿತ್ತು; ಸುಮಾರು ಹನ್ನೆರಡು ಸಾವಿರ ಮಾಡಿ ಟಂಕಸಾಲೆ ಕೈಬಿಟ್ಟು, ಉಬ್ಬನ್ನು ತಗ್ಗಿಸಿತು. ಶಿಲ್ಪಿ ಆ ಆಗಸ್ಟಿನಲ್ಲಿಯೇ ತೀರಿಕೊಂಡಿದ್ದ. ಅಂದವಾಗಿತ್ತೆಂದು ಜನ ಕೂಡಲೇ ಎತ್ತಿಟ್ಟರು, ಆದ್ದರಿಂದ ಅದು ಮೇಲ್ದರ್ಜೆಯಲ್ಲಿಯೂ ಸಾಕಷ್ಟು ಉಳಿದಿದೆ. ಅದರ ಬೆಲೆಗೆ ಕಾರಣ ಅದು ಸಿಗದಿರುವುದಲ್ಲ, ಎಲ್ಲರಿಗೂ ಬೇಕಾಗಿರುವುದು.

ಇಲ್ಲಿ ಕೂತು ಕೊಳ್ಳುವವರು ಕಾನೂನಿನ ಎರಡು ಸಂಗತಿಗಳನ್ನು ತಿಳಿದಿರಬೇಕು. ಹೊರದೇಶದಿಂದ ತರಿಸಿದ ಚಿನ್ನದ ನಾಣ್ಯಕ್ಕೆ ಆಮದು ಸುಂಕ ಬೀಳುತ್ತದೆ, ಅದನ್ನು ಹರಾಜಿನ ಬೆಲೆಯ ಮೇಲೆ ಕೂಡಿಸಿಯೇ ಲೆಕ್ಕ ಮಾಡಬೇಕು. ಎರಡನೆಯದು ಹೆಚ್ಚು ಬಿಗಿಯಾದದ್ದು. 1972ರ ಪುರಾತನ ವಸ್ತುಗಳ ಕಾಯಿದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಯಾವುದೇ ನಾಣ್ಯವನ್ನು ಪುರಾತನ ವಸ್ತುವೆಂದು ಕರೆಯುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದನ್ನು ನಿಷೇಧಿಸುತ್ತದೆ. ಡಾಲರ್ ಒಮ್ಮೆ ರಾಯಚೂರಿಗೆ ಬಂತೆಂದರೆ, ಅದನ್ನು ನ್ಯೂಯಾರ್ಕಿನ ಹರಾಜಿಗೆ ಮರಳಿ ಕಳಿಸುವ ದಾರಿ ಮುಚ್ಚಿದಂತೆಯೇ. ಲಾಭದ ಲೆಕ್ಕ ಹಾಕಿಕೊಂಡು ಈ ಹವ್ಯಾಸಕ್ಕೆ ಇಳಿಯಬೇಡಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇದಕ್ಕೇ.

ಇಷ್ಟಾಗಿಯೂ ಮುಂದಿನದನ್ನು ಗುರುತು ಮಾಡಿಕೊಂಡಿದ್ದೇನೆ. 1908ರಿಂದ ಬೇಲಾ ಲಯನ್ ಪ್ರ್ಯಾಟ್‌ನ ವಿನ್ಯಾಸದಲ್ಲಿ ಬಂದ ಅರ್ಧ ಈಗಲ್‌ನಲ್ಲಿ ಮೂಲನಿವಾಸಿ ನಾಯಕನ ಮುಖ ಉಬ್ಬಾಗಿರದೆ ಒಳಕ್ಕೆ ತಗ್ಗಾಗಿದೆ. ನಾಣ್ಯದ ಬಯಲೇ, ಎಂದರೆ ಚಿತ್ರದ ಸುತ್ತಲಿನ ಖಾಲಿ ಜಾಗವೇ, ಎಲ್ಲಕ್ಕಿಂತ ಎತ್ತರದ ಭಾಗವಾದ್ದರಿಂದ ಏಟೆಲ್ಲ ಬಯಲಿಗೆ ಬೀಳುತ್ತದೆ, ಸವೆತವೂ ಅಲ್ಲಿಂದಲೇ ಶುರುವಾಗುತ್ತದೆ; ಎಯು ಯಾವುದು, ಎಂಎಸ್ ಯಾವುದು ಎಂದು ಬಲ್ಲವರೂ ಜಗಳಾಡುವ ನಾಣ್ಯವದು. 1909ರಲ್ಲಿ ಡೆನ್ವರ್ ಇದನ್ನು ಮೂವತ್ತನಾಲ್ಕು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊಡೆದಿದೆ, ಹಾಗಾಗಿ ಆ ಇಸವಿಯದು ಅಪರೂಪವಲ್ಲ. ಎಯು 58 ಎಂದು ಬರೆದ ಒಂದನ್ನು, ಬಯಲಿನಲ್ಲಿ ಹೊಳಪು ಮುರಿಯದೆ ಸುತ್ತುವುದನ್ನು ತೋರಿಸುವ ವಿಡಿಯೊ ಇದ್ದರೆ ಮಾತ್ರ, ದೀಪಾವಳಿಯ ಹೊತ್ತಿಗೆ ಕೊಳ್ಳಬೇಕೆಂದಿದ್ದೇನೆ. ಬರೀ ಚಿತ್ರ ನೋಡಿ ಕೊಳ್ಳುವುದಿಲ್ಲ.